ಕಾಲೇಜು ಪಕ್ಕದ ಜೆರಾಕ್ಸ್ ಅಂಗಡಿ: ಪ್ರಿಂಟಿಗೆ ನಾಲ್ಕೂವರೆ ಸ್ಟಾರ್, ನೋಟ್ಸಿಗೆ ಎರಡು

ಮಡಿಕೇರಿಯಲ್ಲಿ ಜೆರಾಕ್ಸ್ ಅಂಗಡಿಗಳಿಗೆ ಬರವಿಲ್ಲ. ಕೋರ್ಟು ಕಚೇರಿಗಳ ಸುತ್ತ ಇರುವವು ಆರ್‌ಟಿಸಿ, ಆಧಾರ್, ಬಾಂಡ್ ಪೇಪರಿನ ಮೇಲೆ ಬದುಕುತ್ತವೆ. ಕಾಲೇಜಿನ ಪಕ್ಕದವು ನೋಟ್ಸಿನ ಮೇಲೆ. ನಾನು ಬರೆಯುತ್ತಿರುವುದು ಈ ಎರಡನೇ ಜಾತಿಯ ಒಂದು ಅಂಗಡಿಯ ಬಗ್ಗೆ. ಹೆಸರು ಹಾಕುವುದಿಲ್ಲ. ಹೊಗಳಿಕೆಯ ಜೊತೆ ದೂರೂ ಇದೆ, ಸೋಮವಾರ ಬೆಳಿಗ್ಗೆ ಮತ್ತೆ ಅದೇ ಅಣ್ಣನ ಮುಂದೆ ಪೆನ್‌ಡ್ರೈವ್ ಹಿಡಿದು ನಿಲ್ಲಬೇಕಾದವಳೂ ನಾನೇ.

ನಾನು ಪದವಿ ತರಗತಿಗಳಿಗೆ ಸಮಾಜಶಾಸ್ತ್ರ ಹೇಳುವವಳು. ಪಾಠದ ಆಚೆಗೆ ನನಗೆ ಇನ್ನೊಂದು ಹುಚ್ಚು ಇದೆ: ಡಿಗ್ರಿ ಓದುವ ಮಕ್ಕಳು ನಿಜಕ್ಕೂ ಓದುವುದು ಹೇಗೆ, ಬರೆಯುವುದು ಹೇಗೆ, ಅದರಲ್ಲಿ ತಲೆಗೆ ಇಳಿಯುವುದೇನು ಎಂದು ಜೀವಮಾನವೆಲ್ಲ ಸಂಶೋಧನೆ ಮಾಡಿದವರ ಲೇಖನಗಳನ್ನು ಹುಡುಕಿ ಓದುವುದು. ಮೊಬೈಲಿನಲ್ಲಿ ಓದಿದರೆ ನನಗೆ ಹತ್ತುವುದಿಲ್ಲ, ಕಾಗದವೇ ಬೇಕು. ಹಾಗಾಗಿ ಸ್ವೀಡನ್ನಿನ ಫೆರೆನ್ಸ್ ಮಾರ್ಟನ್, ಇಂಗ್ಲೆಂಡಿನ ಬ್ರಿಯಾನ್ ಸ್ಟ್ರೀಟ್ ಎಲ್ಲರೂ ನನ್ನ ಕೈಗೆ ಬಂದದ್ದು ಈ ಅಂಗಡಿಯ ಟೋನರ್ ವಾಸನೆಯ ಜೊತೆಗೇ. ಅಂಗಡಿಯ ಗುಣ, ದೋಷ ಎರಡೂ ಅವರನ್ನು ಓದಿದ ಮೇಲೆ ನನಗೆ ಇನ್ನಷ್ಟು ಸ್ಪಷ್ಟವಾಗಿ ಕಾಣತೊಡಗಿದವು. ಅದನ್ನು ಸೇರಿಸದೆ ಬರೆದರೆ ಈ ವಿಮರ್ಶೆ ಬರೀ ದರಪಟ್ಟಿ ಆಗುತ್ತದೆ.

ಮೊದಲು ಪ್ರಿಂಟ್. ಕೊಡಗಿನ ಮಳೆಗಾಲದಲ್ಲಿ ಜೆರಾಕ್ಸ್ ಅಂಗಡಿ ನಡೆಸುವುದು ಹುಡುಗಾಟವಲ್ಲ. ಜೂನ್ ಬಂತೆಂದರೆ ಕಾಗದಕ್ಕೆ ಥಂಡಿ ಹಿಡಿಯುತ್ತದೆ. ಎ4 ಬಂಡಲ್ ಬಿಚ್ಚಿ ಅರ್ಧ ದಿನ ಹೊರಗಿಟ್ಟರೆ ಹಾಳೆಯ ಮೂಲೆ ಸುರುಟಿಕೊಳ್ಳುತ್ತದೆ, ಎರಡೆರಡು ಹಾಳೆ ಒಟ್ಟಿಗೆ ಒಳಗೆ ಹೋಗಿ ಮೆಷಿನ್ ಜಾಮ್. ಮಳೆ ಜೋರಾಗುವ ಕಕ್ಕಡದ (ಆಟಿಯ) ತಿಂಗಳಲ್ಲಂತೂ ಬೇರೆ ಅಂಗಡಿಗಳಲ್ಲಿ ನನ್ನ ಪ್ರಿಂಟ್‌ಗಳು ನಡುವೆ ಬಿಳಿ ಪಟ್ಟೆ ಹೊತ್ತು ಬಂದದ್ದುಂಟು. ಈ ಅಣ್ಣ ಅದಕ್ಕೊಂದು ಉಪಾಯ ಮಾಡಿಕೊಂಡಿದ್ದಾನೆ. ಕೌಂಟರಿನ ಕೆಳಗೆ ಹಳೆಯ ಮರದ ಪೆಟ್ಟಿಗೆ, ಅದರೊಳಗೆ ಯಾವಾಗಲೂ ಉರಿಯುವ ಹಳದಿ ಬಲ್ಬು. ಬಂಡಲ್‌ಗಳೆಲ್ಲ ಅದರೊಳಗೆ. ಬೇಕಾದಷ್ಟೇ ಹಾಳೆ ತೆಗೆದು, ಎರಡು ಕೈಯಲ್ಲಿ ಹಿಡಿದು ಬೀಸಣಿಗೆ ಮಾಡಿ, ಅಂಚು ತಟ್ಟಿ ಟ್ರೇಗೆ ಹಾಕುತ್ತಾನೆ. ನನಗೆ ಗೊತ್ತಿದ್ದಂತೆ ಜುಲೈಯಲ್ಲೂ ಗರಿಗರಿ ಹಾಳೆ ಕೊಡುವ ಅಂಗಡಿ ಇದೊಂದೇ. ಅಕ್ಷರ ಕಪ್ಪಾಗಿ, ಸಮನಾಗಿ ಬೀಳುತ್ತದೆ. ಎರಡೂ ಬದಿ ಪ್ರಿಂಟ್ ಹಾಕಿದರೆ ಹಿಂದಿನ ಪುಟ ತಲೆಕೆಳಗಾಗುವುದಿಲ್ಲ. ಇದನ್ನೂ ಹೇಳಬೇಕಾ ಎಂದು ಕೇಳುವವರು ಬೇರೆ ಕಡೆ ಒಮ್ಮೆ ಮಾಡಿಸಿ ನೋಡಲಿ.

ದರ ಊರಿನ ದರವೇ. ಜೆರಾಕ್ಸ್ ಪುಟಕ್ಕೆ ಎರಡು ರೂಪಾಯಿ, ವಾಟ್ಸಾಪಿನಲ್ಲಿ ಕಳಿಸಿದ ಪಿಡಿಎಫ್ ಪ್ರಿಂಟಿಗೆ ಐದು, ಹೆಚ್ಚು ಪುಟ ಇದ್ದರೆ ಮೂರಕ್ಕೆ ಇಳಿಸುತ್ತಾನೆ. ಸ್ಪೈರಲ್ ಹಾಕುವುದು ಅಣ್ಣನ ಮನೆಯವರು. ಅಕ್ಕನ ಕೈಯ ಸ್ಪೈರಲ್ ಎರಡು ಸೆಮಿಸ್ಟರ್ ಬರುತ್ತದೆ. ಕರೆಂಟ್ ಹೋದರೆ ಯುಪಿಎಸ್ ಇದೆ, ಆದರೆ ಅದು ಕಂಪ್ಯೂಟರಿಗೆ ಮಾತ್ರ. ಮೆಷಿನ್ ಓಡುವುದಿಲ್ಲ, ಕಾಯಬೇಕು.

ಇಷ್ಟಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಕಡಿಮೆ ಮಾಡಿದ್ದು ನಿಲ್ಲಲು ಜಾಗವಿಲ್ಲದ್ದಕ್ಕೆ. ಮಳೆಯಲ್ಲಿ ಐದು ಜನ ಕೊಡೆ ಮಡಚಿ ಒಳಗೆ ಬಂದರೆ ಆರನೆಯವರ ಪುಸ್ತಕ ಒದ್ದೆ.

ಇನ್ನು ನೋಟ್ಸ್ ಪ್ಯಾಕೆಟ್.

ಅಂಗಡಿಯ ಬಲಗಡೆ ಗೋಡೆಗೆ ಕಬ್ಬಿಣದ ರ‍್ಯಾಕ್. ಅದರಲ್ಲಿ ವಿಷಯವಾರು, ಸೆಮಿಸ್ಟರ್‌ವಾರು ಪ್ಯಾಕೆಟ್‌ಗಳು. ಮೂವತ್ತು ನಲವತ್ತು ಪುಟ, ಮೇಲೊಂದು ಪಾರದರ್ಶಕ ಕವರ್, ಮುಖ್ಯ ಎಂದು ಯಾರೋ ಭಾವಿಸಿದ ಕಡೆ ಮೂರು ಮೂರು ನಕ್ಷತ್ರ. ನಾಪೋಕ್ಲು, ಮೂರ್ನಾಡು, ಚೇರಂಬಾಣೆ ಕಡೆಯಿಂದ ಬಸ್ಸಿಳಿದು ಬರುವ ಮಕ್ಕಳು ಕಾಲೇಜಿನ ಗೇಟಿಗಿಂತ ಮೊದಲು ಇಲ್ಲಿಗೆ ಬರುತ್ತಾರೆ. ಪಠ್ಯಪುಸ್ತಕ ಕೊಂಡವರು ಕಡಿಮೆ. ಲೈಬ್ರರಿಯಲ್ಲಿರುವ ಪ್ರತಿಗಳು ಎಲ್ಲರ ಕೈಗೂ ಸಾಲುವುದಿಲ್ಲ. ಹಾಗಾಗಿ ಬಹಳ ಮಕ್ಕಳ ಪಾಲಿಗೆ ಡಿಗ್ರಿ ಎಂದರೆ ಈ ರ‍್ಯಾಕ್.

ಮೊದಲ ದೂರು, ಹಳೆ ಸರಕು. ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು. 2024-25ರಲ್ಲಿ ಸರ್ಕಾರ ಅದನ್ನು ತೆಗೆದು ಮತ್ತೆ ಮೂರು ವರ್ಷದ ಹಳೆ ಕ್ರಮಕ್ಕೆ ಮರಳಿತು. ಈ ನಡುವೆ 2023ರಲ್ಲಿ ಕೊಡಗಿಗೇ ಪ್ರತ್ಯೇಕ ವಿಶ್ವವಿದ್ಯಾಲಯ ಶುರುವಾಯಿತು, ಚಿಕ್ಕ ಅಳುವಾರದಲ್ಲಿ. ಅಲ್ಲಿಯವರೆಗೆ ನಮ್ಮದೆಲ್ಲ ಮಂಗಳೂರು. ಪಠ್ಯಕ್ರಮ ಎಷ್ಟು ಸಲ ಮಗ್ಗುಲು ಬದಲಾಯಿಸಿತೋ ಅಷ್ಟು ಬಗೆಯ ಪ್ಯಾಕೆಟ್ ರ‍್ಯಾಕಿನಲ್ಲಿವೆ, ಮೇಲೆ ವರ್ಷ ಬರೆದಿರುವುದಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು ಕೊಂಡುಹೋದ ಪ್ಯಾಕೆಟಿನಲ್ಲಿ ಅರ್ಧ ಘಟಕಗಳು ಅವಳ ಪಠ್ಯಕ್ರಮದಲ್ಲೇ ಇರಲಿಲ್ಲ. ಕೇಳಲು ಹೋದರೆ ದುಡ್ಡು ವಾಪಸ್ ಕೊಡಲಿಲ್ಲ. ಬೇರೆ ಪ್ಯಾಕೆಟ್ ಕೊಟ್ಟು, "ಇದು ಪುಟ ಜಾಸ್ತಿ ಉಂಟು" ಎಂದು ಮೇಲೆ ಹತ್ತು ರೂಪಾಯಿ ತೆಗೆದುಕೊಂಡ. ಇದು ಸರಿಯಲ್ಲ ಅಣ್ಣ. ಮೇಲೆ ವರ್ಷ ಬರೆಯುವುದಕ್ಕೆ ಒಂದು ಸ್ಕೆಚ್ ಪೆನ್ ಸಾಕು.

ಎರಡನೇ ದೂರು ದೊಡ್ಡದು. ನನ್ನದೇ ವಿಷಯದ ಒಂದು ಪುಟ ತೆಗೆದುಕೊಂಡು ಹೇಳುತ್ತೇನೆ. ತಲೆಬರಹ: ಸಂಸ್ಕೃತೀಕರಣ. ಕೆಳಗಿನವರು ಎನಿಸಿಕೊಂಡ ಜಾತಿಯವರು ಮೇಲಿನವರು ಎನಿಸಿಕೊಂಡವರ ಆಚಾರ ಹಿಡಿದು ಮೇಲೇರಲು ನೋಡುವುದಕ್ಕೆ ಸಮಾಜಶಾಸ್ತ್ರದಲ್ಲಿ ಇಟ್ಟ ಹೆಸರು. ಅದರ ಕೆಳಗೆ ವ್ಯಾಖ್ಯೆ, ನಂತರ ಗುಣಲಕ್ಷಣಗಳು ಒಂದರಿಂದ ಏಳು, ನಂತರ ಟೀಕೆಗಳು ಒಂದರಿಂದ ನಾಲ್ಕು, ಕೊನೆಗೆ ಉಪಸಂಹಾರ. ಆ ಹೆಸರಿಟ್ಟ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಹೆಸರು ಒಂದು ಸಲ ಬರುತ್ತದೆ. ಕೊಡಗು ಎಂಬ ಹೆಸರು ಪುಟದಲ್ಲೆಲ್ಲೂ ಇಲ್ಲ.

ಶ್ರೀನಿವಾಸರು ಈ ವಿಚಾರವನ್ನು ಕಟ್ಟಿದ್ದೇ ಇಲ್ಲಿ. ಕೊಡವರ ಧರ್ಮ ಮತ್ತು ಸಮಾಜದ ಮೇಲಿನ ಅವರ ಪುಸ್ತಕ 1952ರಲ್ಲಿ ಆಕ್ಸ್‌ಫರ್ಡಿನಿಂದ ಬಂತು. ಕೊಡವರ ಮನೆತನವಾದ ಒಕ್ಕ ಎಂದರೇನು, ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಹಿರಿಯರಿಗೆ ಸಲ್ಲುವುದೇನು, ಸುಗ್ಗಿಯ ಹಬ್ಬ ಪುತ್ತರಿಯ ದಿನ ಕದಿರು ತೆಗೆಯುವ ಕ್ರಮ ಹೇಗೆ ಎಂಬುದನ್ನೆಲ್ಲ ಹಿಡಿದು ಕೂತ ಪುಸ್ತಕ ಅದು. ಮಾಂಸ ಮದ್ಯ ಬಿಟ್ಟು ಜನಿವಾರ ಹಾಕಿಕೊಂಡ ಅಮ್ಮಕೊಡವರ ಉದಾಹರಣೆಯೂ ಅದರಲ್ಲಿದೆ. ಪ್ರಪಂಚದ ಸಮಾಜಶಾಸ್ತ್ರ ವಿಭಾಗಗಳಲ್ಲಿ ಓದುವ ಒಂದು ಪರಿಕಲ್ಪನೆ ಬೆಳೆದದ್ದು ಈ ಮಕ್ಕಳು ಬಸ್ಸಿನಲ್ಲಿ ಹಾದುಬರುವ ಊರುಗಳ ನೆಲದಲ್ಲಿ. ಅದನ್ನು ಅವರೇ ಮೂವತ್ತು ರೂಪಾಯಿ ಕೊಟ್ಟು, ಊರಿನ ಹೆಸರು ಅಳಿಸಿದ ಏಳು ಅಂಶಗಳಾಗಿ ಕೊಂಡು ಬಾಯಿಪಾಠ ಮಾಡುತ್ತಾರೆ.

ಆ ಪುಟದ ಇನ್ನೊಂದು ವಿಶೇಷ ಕೇಳಿ. ಕಾಪಿಯ ಕಾಪಿಯ ಕಾಪಿ ಆಗಿ ಆಗಿ ಕೆಳಗಿನ ಸಾಲು ಮೆಷಿನ್ನಿನ ಅಂಚಿನಾಚೆ ಹೋಗಿಬಿಟ್ಟಿದೆ. ಉಪಸಂಹಾರ "ಆದ್ದರಿಂದ ಸಂಸ್ಕೃತೀಕರಣವು ಕೇವಲ" ಎಂಬಲ್ಲಿಗೆ ನಿಲ್ಲುತ್ತದೆ. ಇಂಟರ್ನಲ್ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದಲು ಕೂತರೆ ಕೆಲವರು ಅಲ್ಲಿಗೇ ಪೂರ್ಣವಿರಾಮ ಹಾಕಿ ಎದ್ದಿದ್ದಾರೆ. ಕೇವಲ, ಚುಕ್ಕಿ. ಒಬ್ಬ ಹುಷಾರಿನವನು "ಕೇವಲ ಒಂದು ಸಂಸ್ಕೃತೀಕರಣವಾಗಿದೆ" ಎಂದು ಮುಗಿಸಿದ್ದ. ಸ್ಟಾಫ್ ರೂಮಿನಲ್ಲಿ ಓದಿ ಹೇಳಿ ಎಲ್ಲರೂ ನಕ್ಕೆವು. ಆಮೇಲೆ ನಗು ಉಳಿಯಲಿಲ್ಲ, ಯಾಕೆಂದರೆ ಆ ಮಕ್ಕಳು ದಡ್ಡರಲ್ಲ. ಅದೇ ಹುಡುಗ ಮನೆಯ ಕಾಳುಮೆಣಸನ್ನು ಯಾವಾಗ ಮಾರಬೇಕು, ಯಾವಾಗ ಇಟ್ಟುಕೊಳ್ಳಬೇಕು ಎಂದು ಪೇಪರಿನ ದರ ನೋಡಿ ಲೆಕ್ಕ ಹಾಕುವವನು.

ಮಾರ್ಟನ್ ಮತ್ತು ರೋಜರ್ ಸೆಲ್ಯೊ ಎಂಬ ಇಬ್ಬರು ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಕೆಲಸ ನನಗೆ ನೆನಪಾಗುವುದು ಇಲ್ಲೇ. 1976ರಲ್ಲಿ ಪ್ರಕಟವಾದ ಲೇಖನ. ಮಾಡಿದ್ದು ಸರಳ: ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಬರಹ ಓದಲು ಕೊಟ್ಟರು, ಆಮೇಲೆ ಪ್ರಶ್ನೆ ಕೇಳುತ್ತೇವೆ ಎಂದರು. ಓದಿಯಾದ ಮೇಲೆ ಬರಹದಲ್ಲಿ ಏನಿತ್ತು ಎಂದು ಕೇಳಿದ್ದಲ್ಲದೆ, ನೀವು ಓದಿದ್ದು ಹೇಗೆ ಎಂದೂ ಕೇಳಿದರು. ಕೆಲವರು ಪ್ರಶ್ನೆಗೆ ಬೇಕಾಗಬಹುದಾದ ಮಾತುಗಳನ್ನು ನೆನಪಿನಲ್ಲಿ ಹಿಡಿದಿಟ್ಟುಕೊಳ್ಳಲು ಒದ್ದಾಡಿದ್ದರು. ಇನ್ನು ಕೆಲವರು ಈ ಮನುಷ್ಯ ಹೇಳಲು ಹೊರಟಿರುವುದೇನು ಎಂದು ಹುಡುಕುತ್ತ ಓದಿದ್ದರು. ಮೊದಲನೆಯದು ಮೇಲ್ಮೈ ಓದು, ಎರಡನೆಯದು ಆಳದ ಓದು. ಮೇಲ್ಮೈಯಲ್ಲಿ ಓದಿದವರಿಗೆ ಬರಹದ ಒಟ್ಟು ವಾದವೇ ಕೈಗೆ ಸಿಕ್ಕಿರಲಿಲ್ಲ. ಹುಡುಕದೇ ಇದ್ದದ್ದು ಸಿಗುವುದಾದರೂ ಹೇಗೆ?

ತರಬೇತಿ ಶಿಬಿರಗಳಲ್ಲಿ ಇದನ್ನು ಮಕ್ಕಳಲ್ಲಿ ಎರಡು ಜಾತಿ ಇದ್ದ ಹಾಗೆ ಹೇಳಿಬಿಡುತ್ತಾರೆ. ಮೇಲ್ಮೈ ಮಕ್ಕಳು, ಆಳದ ಮಕ್ಕಳು ಅಂತ. ಅವರಿಬ್ಬರು ಹೇಳಿದ್ದು ಹಾಗಲ್ಲ. ಮುಂದೆ ಎಂಥ ಪ್ರಶ್ನೆ ಬರುತ್ತದೆ ಎಂಬ ನಿರೀಕ್ಷೆಯೇ ಓದುವ ರೀತಿಯನ್ನು ಬದಲಾಯಿಸುತ್ತದೆ ಎಂದು ಅವರ ಮುಂದಿನ ಪ್ರಯೋಗಗಳು ತೋರಿಸಿದವು. ಸಣ್ಣ ಸಣ್ಣ ವಿವರ ಕೇಳುವ ಪ್ರಶ್ನೆಗಳನ್ನೇ ಒಂದೊಂದು ಭಾಗದ ಕೊನೆಗೆ ಕೇಳುತ್ತ ಹೋದರೆ, ಓದುವವರು ಆ ಪ್ರಶ್ನೆಗೆ ತಕ್ಕ ಓದಿಗೇ ಇಳಿಯುತ್ತಾರೆ. ಇನ್ನೂ ಕುತೂಹಲದ ಸಂಗತಿ ಎಂದರೆ, ಆಳಕ್ಕೆ ಇಳಿಸಲೆಂದೇ ಮಾಡಿದ ಪ್ರಶ್ನೆಗಳೂ ಎಲ್ಲರಲ್ಲಿ ಫಲಿಸಲಿಲ್ಲ. ಆ ಪ್ರಶ್ನೆಗಳಿಗೆ ಉತ್ತರ ಕೊಡುವುದೇ ಕೆಲಸ ಎಂದುಕೊಂಡು, ಅಷ್ಟಕ್ಕೆ ಸಾಕಾಗುವಷ್ಟು ಮಾತ್ರ ಹೆಕ್ಕಿಕೊಂಡವರು ಇದ್ದರು. ಈ ಸಂಗತಿಗೆ ಆಮೇಲೆ ಬರುತ್ತೇನೆ.

ಈ ಲೆಕ್ಕದಲ್ಲಿ ನೋಡಿದರೆ ಅಣ್ಣನ ಪ್ಯಾಕೆಟ್ ನಮ್ಮ ಪ್ರಶ್ನೆಪತ್ರಿಕೆಯ ಅಳತೆ ಕೊಟ್ಟು ಹೊಲಿಸಿದ ಅಂಗಿ. "ಗುಣಲಕ್ಷಣಗಳನ್ನು ವಿವರಿಸಿ", "ಟಿಪ್ಪಣಿ ಬರೆಯಿರಿ" ಎಂದು ವರ್ಷ ವರ್ಷ ಕೇಳುವವರು ನಾವು. ಅವನಾದರೂ ಏನು ಮಾರಬೇಕು? ಅದಕ್ಕೇ ಎರಡು ಸ್ಟಾರ್. ಇಲ್ಲದಿದ್ದರೆ ಒಂದು.

ಅವನ ಜಾಣತನಕ್ಕೆ ಪ್ರತ್ಯೇಕವಾಗಿ ಸ್ಟಾರ್ ಕೊಡುವ ಕ್ರಮ ಇದ್ದಿದ್ದರೆ ಐದೂ ಕೊಡುತ್ತಿದ್ದೆ. ಪಿಯುಸಿಗೆ ಓದು ನಿಲ್ಲಿಸಿದವನು. ಕೌಂಟರಿನ ಡ್ರಾಯರ್‌ನಲ್ಲಿ ಒಂದು ಉದ್ದ ಲೆಕ್ಕದ ಪುಸ್ತಕ ಇದೆ. ಅದರಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ಪುಟ, ಎಡಕ್ಕೆ ಪ್ರಶ್ನೆಗಳು, ಬಲಕ್ಕೆ ಯಾವ ವರ್ಷ ಬಂತು ಎಂದು ಗೀಟುಗಳು. ಪರೀಕ್ಷೆ ಮುಗಿಸಿ ಬರುವ ಮಕ್ಕಳ ಕೈಯಿಂದ ಪ್ರಶ್ನೆಪತ್ರಿಕೆ ಇಸಿದು ಒಂದು ಕಾಪಿ ತೆಗೆದಿಟ್ಟುಕೊಂಡು, ರಾತ್ರಿ ಗೀಟು ಹಾಕುತ್ತಾನಂತೆ. "ಇದು ಹೋದ ಸಲ ಬಂದಿದೆ, ಈ ಸಲ ಬರಲ್ಲ. ಇದು ಎರಡು ವರ್ಷದಿಂದ ಬಂದಿಲ್ಲ, ನೋಡ್ಕೊಂಡು ಹೋಗು" ಎಂದು ಹುಡುಗಿಯೊಬ್ಬಳಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಪ್ರಶ್ನೆಪತ್ರಿಕೆ ತೆಗೆಯುವವರಲ್ಲಿ ಎಷ್ಟು ಜನ ಹಿಂದಿನವನ್ನು ಇಷ್ಟು ಶ್ರದ್ಧೆಯಿಂದ ನೋಡಿರುತ್ತಾರೋ.

ಬ್ರಿಯಾನ್ ಸ್ಟ್ರೀಟ್ 1970ರ ದಶಕದಲ್ಲಿ ಇರಾನಿನ ಹಳ್ಳಿಗಳಲ್ಲಿ ಇದ್ದು ಬರೆದದ್ದು ಇದೇ ಥರದ ಜನರ ಬಗ್ಗೆ. ಮಸೀದಿಯ ಜೊತೆಗಿನ ಮಕ್ತಬ್‌ಗಳಲ್ಲಿ ಕುರ್‌ಆನ್ ಓದಲು ಕಲಿತವರು ಆ ಓದುಬರಹವನ್ನೇ ಹಣ್ಣಿನ ವ್ಯಾಪಾರದ ಲೆಕ್ಕ, ಚೀಟಿ, ಪಟ್ಟಿಗಳಿಗೆ ತಿರುಗಿಸಿಕೊಂಡಿದ್ದರು. ಸರ್ಕಾರಿ ಶಾಲೆಯ ಕಣ್ಣಿಗೆ ಅವರು ಹಿಂದುಳಿದವರು. 1984ರ ಪುಸ್ತಕದಲ್ಲಿ ಸ್ಟ್ರೀಟ್ ಹೇಳಿದ್ದು ಇಷ್ಟೆ: ಓದುಬರಹ ಎಂಬುದು ಎಲ್ಲ ಕಡೆ ಒಂದೇ ಥರ ಇರುವ ಕೌಶಲವಲ್ಲ, ಯಾರು ಎಲ್ಲಿ ಯಾಕೆ ಬಳಸುತ್ತಾರೆ ಎಂಬುದರಲ್ಲಿ ಅದರ ರೂಪ ಇದೆ. ಎಸ್ಟೇಟಿನಲ್ಲಿ ಆಳುಗಳ ಹಾಜರಿಯ ಚೆಕ್‌ರೋಲ್ ಬರೆಯುವ ರೈಟ್ರನ್ನು, ಸಂಘದ ಪಾಸ್‌ಬುಕ್ ನೋಡಿಕೊಳ್ಳುವ ಅಮ್ಮಂದಿರನ್ನು ಕಂಡ ಕೊಡಗಿನವರಿಗೆ ಇದು ಹೊಸದೇನಲ್ಲ. ನಮ್ಮ ತರಗತಿಗೆ ಮಾತ್ರ ಇನ್ನೂ ಹೊಸದು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು, ಯಾರ ಮನೆಯಲ್ಲೂ ಆಡದ ಪ್ಯಾಕೆಟ್ ಕನ್ನಡದಲ್ಲಿ ಉತ್ತರ ಬರೆಯುತ್ತಾರೆ.

ಅಂಗಡಿಯ ಇನ್ನೊಂದು ಸೇವೆ ಬೋರ್ಡಿನಲ್ಲಿಲ್ಲ. ಅಸೈನ್‌ಮೆಂಟ್ ಹೇಗೆ ಬರೆಯಬೇಕು ಎಂದು ಮಕ್ಕಳು ನಮ್ಮನ್ನು ಕೇಳುವುದಿಲ್ಲ, ಇವನನ್ನು ಕೇಳುತ್ತಾರೆ. ಅವನ ಹತ್ತಿರ ಹಳೆಯ ಅಸೈನ್‌ಮೆಂಟ್‌ಗಳ ಕಟ್ಟು ಇದೆ, ಪುಕ್ಕಟೆ ನೋಡಬಹುದು. ಯಾವ ಸರ್‌ಗೆ ಪಾಯಿಂಟ್ ವೈಸ್ ಬೇಕು, ಯಾವ ಮೇಡಂಗೆ ಪ್ಯಾರಾ ಬೇಕು, ಯಾರಿಗೆ ಬಣ್ಣದ ಪೆನ್ನಿನ ಅಡಿಗೆರೆ ಕಂಡರೆ ಆಗುವುದಿಲ್ಲ ಎಲ್ಲ ಅವನಿಗೆ ಗೊತ್ತು. ಒಂದು ದಿನ ನಾನು ಹಿಂದೆ ನಿಂತಿರುವುದು ಕಾಣದೆ, "ಸೋಷಿಯಾಲಜಿ ಮೇಡಂಗಾ? ಹಾಗಾದ್ರೆ ಕೊನೆಗೆ ಉಪಸಂಹಾರ ಹಾಕ್ಬೇಡ, ಬೈತಾರೆ" ಎಂದ. ನಿಜವೇ. ಆದರೆ ಆ ಮಾತನ್ನು ನಾನು ತರಗತಿಯಲ್ಲಿ ಬಿಡಿಸಿ ಹೇಳಿರಲಿಲ್ಲ. ಉತ್ತರ ಪತ್ರಿಕೆಗಳ ಮೇಲಿನ ನನ್ನ ಕೆಂಪು ಗೀಟುಗಳಿಂದ ಅವನು ಕಂಡುಕೊಂಡಿದ್ದ.

ಮೇರಿ ಲೀ ಮತ್ತು ಇದೇ ಸ್ಟ್ರೀಟ್ 1998ರಲ್ಲಿ ಬರೆದ ಲೇಖನದ ತಿರುಳೇ ಇದು. ಇಂಗ್ಲೆಂಡಿನ ಎರಡು ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಮಾತಾಡಿಸಿದರು. ವಾದ ಗಟ್ಟಿ ಇರಬೇಕು, ರಚನೆ ಚೆನ್ನಾಗಿರಬೇಕು ಎಂದು ಅಧ್ಯಾಪಕರು ಬರೆಯುತ್ತಾರೆ, ಅದು ಹಾಗೆಂದರೆ ಏನು ಎಂದು ಕೇಳಿದರೆ ಬಿಡಿಸಿ ಹೇಳಲು ತಡವರಿಸುತ್ತಾರೆ. ಒಂದು ವಿಷಯದಲ್ಲಿ ಭೇಷ್ ಎನಿಸಿಕೊಂಡ ವಿದ್ಯಾರ್ಥಿ ಅದೇ ರೀತಿ ಇನ್ನೊಂದು ವಿಷಯದಲ್ಲಿ ಬರೆದು ಬೈಸಿಕೊಳ್ಳುತ್ತಾನೆ. ತಪ್ಪು ಅವನ ವ್ಯಾಕರಣದ್ದಲ್ಲ, ಆಟದ ನಿಯಮ ಯಾರೂ ಹೇಳಿಲ್ಲದ್ದು. ಬರವಣಿಗೆ ಸುಧಾರಿಸಲು ವ್ಯಾಕರಣದ ಬ್ರಿಡ್ಜ್ ಕೋರ್ಸ್ ಇಡೋಣ ಎಂದು ಪ್ರತಿ ಜುಲೈಯಲ್ಲಿ ಮೀಟಿಂಗ್ ಮಾಡುವ ನಾವೆಲ್ಲ ಆ ಲೇಖನ ಓದಬೇಕು. ಆ ನಿಯಮಗಳನ್ನು ಮಕ್ಕಳಿಗೆ ದಾಟಿಸುತ್ತಿರುವುದು ಸದ್ಯಕ್ಕೆ ಜೆರಾಕ್ಸ್ ಅಂಗಡಿ. ಫೀಸು ಇಲ್ಲದೆ.

ಹಾಗಾದರೆ ಈ ಅಂಗಡಿಯಲ್ಲಿ ಕೊಳ್ಳಬೇಕಾದದ್ದೇನು? ನನ್ನ ಶಿಫಾರಸು ಎರಡು.

ಒಂದು, ಮಾರ್ಜಿನ್ ಪ್ರಿಂಟ್. ಇದು ನಾನೇ ಹೇಳಿ ಮಾಡಿಸಿದ್ದು. ಶ್ರೀನಿವಾಸರ ಪುಸ್ತಕದ ನಾಲ್ಕು ಪುಟಗಳನ್ನು ಎಡಕ್ಕೆ ಸರಿಸಿ, ಅರುವತ್ತು ಶೇಕಡಾಕ್ಕೆ ಇಳಿಸಿ, ಬಲಗಡೆ ಪೂರಾ ಖಾಲಿ ಬಿಟ್ಟು ಪ್ರಿಂಟ್ ತೆಗೆಯಲು ಹೇಳಿದೆ. "ಕಾಗದ ವೇಸ್ಟ್ ಮೇಡಂ, ಒಂದರಲ್ಲಿ ಎರಡು ಪುಟ ಕೂರಿಸ್ತೀನಿ" ಎಂದ. ಬೇಡ ಎಂದೆ. ತರಗತಿಯಲ್ಲಿ ಕೊಟ್ಟು, ಅರ್ಥವಾಗದ್ದಕ್ಕೆ, ಒಪ್ಪದ್ದಕ್ಕೆ, ನಿಮ್ಮ ಮನೆಯಲ್ಲಿ ಬೇರೆ ಥರ ಇರುವುದಕ್ಕೆ ಆ ಖಾಲಿ ಜಾಗ ಎಂದೆ. ಇಂಗ್ಲಿಷ್ ಎಂದು ಮೊದಲು ಗೊಣಗಿದರು. ಸಾಲು ಸಾಲಾಗಿ ಕೂತು ಕನ್ನಡದಲ್ಲಿ ಬಿಡಿಸಿದೆವು. ಒಂದು ಗಂಟೆಯಲ್ಲಿ ಎರಡು ಪುಟ ದಾಟಲಿಲ್ಲ. ಆದರೆ ಪಾರಾಣೆ ಕಡೆಯ ಹುಡುಗಿಯೊಬ್ಬಳು ಎದ್ದು, "ಮೇಡಂ, ಮಾಂಸ, ಕುಡಿಯೋದು ಬಿಟ್ಟರೆ ಜಾತಿ ಮೇಲೆ ಹೋಗ್ತದೆ ಅಂತಾದ್ರೆ ನಮ್ಮ ಮನೆಯಲ್ಲಿ ಇನ್ನೂ ಪಂದಿ ಕರಿ ಯಾಕೆ ಬೇಯ್ತಾ ಉಂಟು? ನಾವೇನು ಕೆಳಗಿದ್ದೀವಾ?" ಎಂದಳು. ತರಗತಿ ಗೊಳ್ಳೆಂದಿತು. ಅವಳು ಕೂರಲಿಲ್ಲ, ಉತ್ತರ ಬೇಕಿತ್ತು. ತಿತಿಮತಿ ಕಡೆಯ ಆದಿವಾಸಿ ಹಾಡಿಯಿಂದ ಬರುವ ಹುಡುಗ ಮಾತಾಡಲಿಲ್ಲ. ಅವನ ಮಾರ್ಜಿನ್ನಿನಲ್ಲಿ ಪೆನ್ಸಿಲಿನಲ್ಲಿ ಒಂದೇ ಸಾಲು: ಈ ನಾಲ್ಕು ಪುಟದಲ್ಲಿ ನಮ್ಮ ಹಾಡಿಯವರು ಎಲ್ಲಿ? ಪ್ಯಾಕೆಟಿನ ಏಳು ಗುಣಲಕ್ಷಣಗಳನ್ನು ಎಷ್ಟು ಸಲ ಓದಿದರೂ ಈ ಎರಡು ಪ್ರಶ್ನೆ ಹುಟ್ಟುತ್ತಿರಲಿಲ್ಲ. ಈಗ ಬೇರೆ ವಿಷಯದ ಮಕ್ಕಳೂ ಬಂದು ಮಾರ್ಜಿನ್ ಬಿಟ್ಟು ಕೊಡಿ ಎನ್ನುತ್ತಾರಂತೆ. ದರ ಮಾಮೂಲಿ.

ಪುಸ್ತಕದ ಪುಟ ಹೀಗೆ ಕಾಪಿ ಮಾಡಬಹುದಾ ಎಂದು ಹುಬ್ಬೇರಿಸುವವರಿಗೆ: 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಸೇರಿದಂತೆ ಪ್ರಕಾಶಕರು ದಿಲ್ಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ಮೇಲೆ ಮೊಕದ್ದಮೆ ಹೂಡಿದ್ದರು. 2016ರಲ್ಲಿ ದಿಲ್ಲಿ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಪಾಠದ ಅಗತ್ಯಕ್ಕೆ ಪುಸ್ತಕದ ಭಾಗಗಳನ್ನು ಪ್ರತಿ ಮಾಡುವುದಕ್ಕೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಅವಕಾಶ ಇದೆ ಎಂದಿತು. ಇದನ್ನು ಅಣ್ಣನಿಗೆ ಹೇಳಿದಾಗ ಅವನು ಕೇಳಿದ್ದು, "ಆ ಅಂಗಡಿಯವರಿಗೆ ವಕೀಲರ ಖರ್ಚು ಯಾರು ಕೊಟ್ರು?"

ಎರಡನೇ ಶಿಫಾರಸು, ರಫ್ ಶೀಟ್. ಜಾಮ್ ಆಗಿ, ಒಂದು ಬದಿ ತಪ್ಪು ಪ್ರಿಂಟ್ ಆಗಿ ಹಾಳಾದ ಹಾಳೆಗಳನ್ನು ಕಟ್ಟು ಕಟ್ಟಿ ಹತ್ತು ರೂಪಾಯಿಗೆ ಕೊಡುತ್ತಾನೆ. ಇಡೀ ಅಂಗಡಿಯಲ್ಲಿ ದುಡ್ಡಿಗೆ ಅತಿ ಹೆಚ್ಚು ಬೆಲೆ ಸಿಗುವ ಸಾಮಾನು ಇದೇ. ಓದಿ, ಪುಸ್ತಕ ಮುಚ್ಚಿ, ನೆನಪಿಗೆ ಬಂದದ್ದನ್ನೆಲ್ಲ ಇದರ ಮೇಲೆ ಬರೆಯಲು ಮಕ್ಕಳಿಗೆ ಹೇಳುತ್ತೇನೆ. ಇದು ನನ್ನ ಅಜ್ಜಿಯ ಮದ್ದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಬರಹವನ್ನು ನಾಲ್ಕು ಅವಧಿಯೂ ಓದಿದರು, ಕೆಲವರು ಒಂದು ಅವಧಿ ಓದಿ ಮೂರು ಅವಧಿ ನೋಡದೆ ನೆನಪಿಸಿಕೊಂಡು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಬರೀ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಿಗೆ ಉಳಿದದ್ದು ಶೇಕಡಾ 40ರಷ್ಟು, ಬರೆದವರಿಗೆ 61ರಷ್ಟು. ಪರೀಕ್ಷೆಯ ಹಿಂದಿನ ರಾತ್ರಿ ಪ್ಯಾಕೆಟ್ ತಿರುವುವವರಿಗೆ ಬೆಳಿಗ್ಗೆ ಎಲ್ಲ ಬಂದ ಹಾಗೆ ಅನಿಸುವುದು ಯಾಕೆ, ಮುಂದಿನ ಸೆಮಿಸ್ಟರಿನಲ್ಲಿ ಏನೂ ಇಲ್ಲದಿರುವುದು ಯಾಕೆ ಎಂದು ಇದರಿಂದ ಗೊತ್ತಾಗುತ್ತದೆ.

ಕಳೆದ ಇಂಟರ್ನಲ್ಸ್‌ಗೆ ನಾನು ಪ್ರಶ್ನೆ ಬದಲಾಯಿಸಿದೆ. ಗುಣಲಕ್ಷಣ ಬಿಟ್ಟು, "ನಿಮ್ಮ ಊರಿನ ಒಂದು ಹಬ್ಬ ಅಥವಾ ಪದ್ಧತಿಯಲ್ಲಿ ಆದ ಬದಲಾವಣೆ ತೆಗೆದುಕೊಂಡು, ಶ್ರೀನಿವಾಸರ ಮಾತು ಅದಕ್ಕೆ ಹೊಂದುತ್ತದೆಯೇ ಎಂದು ಬರೆಯಿರಿ" ಎಂದೆ. ಮಾದರಿ ಪ್ರಶ್ನೆಯನ್ನು ಮೊದಲೇ ಕೊಟ್ಟಿದ್ದೆ. ಅಂಗಡಿಗೆ ಹೋದರೆ ಅಣ್ಣನ ಮುಖ ಸಣ್ಣಗಾಗಿತ್ತು. "ಹೀಗೆ ಕೇಳಿದ್ರೆ ಪ್ಯಾಕೆಟ್ ಮಾಡೋದು ಹೇಗೆ ಮೇಡಂ?" ಎಂದ. ಮಾಡಬೇಡ ಎಂದು ನಕ್ಕು ಬಂದೆ.

ಮುಂದಿನ ವಾರ ರ‍್ಯಾಕಿನಲ್ಲಿ ಹೊಸದೊಂದು ಇತ್ತು. ಎರಡು ಹಾಳೆ, ಹತ್ತು ರೂಪಾಯಿ. ಮೇಲೆ ದಪ್ಪಕ್ಷರದಲ್ಲಿ "ಊರಿನ ಉದಾಹರಣೆಗಳು (5)". ಆಮೇಲೆ ಬರುತ್ತೇನೆ ಎಂದಿದ್ದು ಇದಕ್ಕೇ: ಆಳಕ್ಕೆ ಇಳಿಸಲೆಂದು ಕೇಳಿದ ಪ್ರಶ್ನೆಗೂ ಉತ್ತರಕ್ಕೆ ಸಾಕಾಗುವಷ್ಟೇ ಹೆಕ್ಕಿಕೊಟ್ಟ ಸರಕು. ಮಾರ್ಟನ್ ಮತ್ತು ಸೆಲ್ಯೊ ನೋಡಿದ್ದರೆ ಒಂದು ಪ್ರತಿ ಸ್ವೀಡನ್ನಿಗೆ ಕೊಂಡುಹೋಗುತ್ತಿದ್ದರು. ನಾನೂ ಕೊಂಡೆ. ನಾಲ್ಕು ಉದಾಹರಣೆಗಳು ಎಲ್ಲಿಂದಲೋ ಎತ್ತಿದ ಹಾಗಿದ್ದವು, ಯಾವ ಊರಿಗೂ ಸಲ್ಲುವಂಥವು. ಮೂರನೆಯದು ಹಾಗಿರಲಿಲ್ಲ. ಒಂದು ಊರಿನ ದೇವರ ಹಬ್ಬದಲ್ಲಿ ಕೋಳಿ ಕೊಡುವುದು ನಿಂತು ತೆಂಗಿನಕಾಯಿ ಬಂದದ್ದು, ಅದನ್ನು ಒಪ್ಪದ ಹಿರಿಯರು ಹಬ್ಬದ ಮಾರನೇ ದಿನ ಊರಾಚೆ ತಮ್ಮಷ್ಟಕ್ಕೆ ಕೋಳಿ ಕೊಡುವುದು, ಹೊರಗೆ ಕೆಲಸದಲ್ಲಿರುವ ಹುಡುಗರು ಎರಡು ದಿನ ರಜೆ ಹಾಕಿ ಎರಡಕ್ಕೂ ಬರುವುದು, ಎಲ್ಲ ಹತ್ತೇ ಸಾಲಿನಲ್ಲಿ. ಯಾರು ಬರೆದದ್ದು ಎಂದು ಕೇಳಿದೆ. "ಅದು ನಮ್ಮೂರಿಂದೇ ಮೇಡಂ, ನಾನೇ ಟೈಪ್ ಮಾಡಿದ್ದು. ಸರಿ ಉಂಟಾ?" ಎಂದ. ಸರಿ ಉಂಟು, ಶ್ರೀನಿವಾಸರಿಗೆ ಇದು ಹೊಂದುತ್ತದೋ ಇಲ್ಲವೋ ಅದನ್ನೂ ಬರಿ ಎಂದೆ. "ಅದು ಮಕ್ಕಳು ಬರೀಲಿ, ಹತ್ತು ರೂಪಾಯಿಗೆ ಅಷ್ಟೇ" ಎಂದ.

ಆ ಎರಡು ಹಾಳೆಗೆ ಮೂರು ಸ್ಟಾರ್, ಮೂರೂ ಆ ಹತ್ತು ಸಾಲಿಗೆ.

ಹೋಗುವವರಿಗೆ: ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತದೆ, ಸಂಜೆಯ ಬಸ್ಸುಗಳು ಹೊರಟ ಮೇಲೆ ಮುಚ್ಚುತ್ತದೆ. ಶುಕ್ರವಾರ ಸಂತೆಯ ದಿನ ಹೋಗಬೇಡಿ, ಪಹಣಿ ಕಾಪಿಯವರೂ ಸೇರಿ ರಸ್ತೆವರೆಗೆ ಸಾಲು ಇರುತ್ತದೆ. ಫೋಟೋ ಹೊಡೆದು ಕಳಿಸಬೇಡಿ, ಪಿಡಿಎಫ್ ಮಾಡಿ ಕಳಿಸಿ. ಪ್ಯಾಕೆಟ್ ಕೊಳ್ಳಲೇಬೇಕಾದರೆ ನಿಮ್ಮ ಪಠ್ಯಕ್ರಮದ ಮೊದಲ ಪುಟ ಕೈಯಲ್ಲಿ ಹಿಡಿದುಕೊಂಡು, ಘಟಕಗಳನ್ನು ತಾಳೆ ನೋಡಿ, ಪ್ರತಿ ಪುಟದ ಕೊನೆಯ ಸಾಲು ಇದೆಯಾ ಎಂದು ನೋಡಿ ದುಡ್ಡು ಕೊಡಿ. ಜೋರು ಮಳೆಯಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಸ್ಕ್ಯಾನ್ ಮಾಡಿದರೆ ಹಣ ಹೋಗುವುದಿಲ್ಲ. ಚಿಲ್ಲರೆ ಇಟ್ಟುಕೊಂಡಿರಿ.